ಕೊನೆಯ ಬುಟ್ಟಿ ಕೆಸರು

ನಮ್ಮಪ್ಪ ಬಾವಿಗಳ ಹೂಳು ತೆಗೆಯುವವನು. ಊರಿಗೆಲ್ಲ ಕೆಸರಪ್ಪ. ಹುಟ್ಟಿದಾಗ ಇಟ್ಟ ಹೆಸರು ಅಮ್ಮನಿಗೂ ಒಮ್ಮೊಮ್ಮೆ ಮರೆತುಹೋಗುತ್ತಿತ್ತು. ರಾಟೆಯ ಹಗ್ಗ ಹಿಡಿಯುವುದು ನನ್ನ ಪಾಲಿನ ಕೆಲಸ. ಕೆಳಗಿನಿಂದ ಒಂದು ಸಲ ಜಗ್ಗಿದರೆ ಬುಟ್ಟಿ ಎತ್ತು, ಎರಡಾದರೆ ಹಗ್ಗ ಸಡಿಲಿಸು, ಮೂರಾದರೆ ಅಪ್ಪನನ್ನೇ ಎತ್ತು. ನಾನು ಟೀಚರ್ ಆದ ಮೇಲೂ ರಜೆಯ ದಿನ ತಪ್ಪದೆ ಹೋಗುತ್ತಿದ್ದೆ.

ಯಾವ ಬಾವಿಯಾದರೂ ಅಪ್ಪ ಕೊನೆಯ ಒಂದು ಬುಟ್ಟಿ ಕೆಸರನ್ನು ತಳದಲ್ಲೇ ಬಿಟ್ಟು ಬರುತ್ತಿದ್ದ. ಕೇಳಿದವರಿಗೆ “ಅದು ಮಾಲೀಕಂದು” ಎನ್ನುತ್ತಿದ್ದ. ಬಾವಿ ಇದ್ದ ಮನೆಯ ಯಜಮಾನ ಆ ಮಾತು ತನ್ನ ಬಗ್ಗೆಯೇ ಎಂದು ಬೀಗುತ್ತಿದ್ದ.

ಅಪ್ಪನ ಮಾಲೀಕನೇ ಬೇರೆ. ನಾನಾ ದೇಶಗಳಿಂದ ಬಂದ ಕೂಲಿಯವರ ಹತ್ತಿರ ಜಗತ್ತು ಹುಟ್ಟಿದ ಕಥೆ ಕೇಳುವುದು ಅವನಿಗಿದ್ದ ಹುಚ್ಚು. ಮೊದಲು ಬರೀ ನೀರಿತ್ತು, ಬಾತುಕೋಳಿ ಮುಳುಗಿ ಕೆಸರು ತಂದಿತು ಎಂದ ಒಬ್ಬ. ಅಲ್ಲ, ಆಮೆ ಎಂದ ಇನ್ನೊಬ್ಬ. ಹಂದಿ ಕೋರೆಹಲ್ಲಿನ ಮೇಲೆ ಎತ್ತಿ ತಂದಿತು ಎಂದ ಮತ್ತೊಬ್ಬ. ತಂದದ್ದರಲ್ಲಿ ಒಂದಿಷ್ಟನ್ನು ಬಾಯಲ್ಲೇ ಬಚ್ಚಿಟ್ಟುಕೊಂಡ ಕಳ್ಳನ ಕಥೆಯೂ ಇತ್ತು. ಮೊಟ್ಟೆ ಒಡೆದು ಹುಟ್ಟಿತೆಂಬ ಕಥೆ ಮಾತ್ರ ಅಪ್ಪನಿಗೆ ರುಚಿಸಲಿಲ್ಲ. “ಮೊಟ್ಟೆ ಇಡೋಕೆ ಕೂರೋ ಜಾಗ ಬೇಡ್ವಾ?”

ಒಮ್ಮೆ ನನಗೆ ಹೇಳಿದ: “ಒಬ್ಬರ ಮುಖ ಒಬ್ಬರು ನೋಡದವರು ಒಂದೇ ಮಾತು ಹೇಳ್ತಾರೆ ನೋಡು. ಕೆಸರು ಮೊದಲೇ ಇತ್ತು ಕಣೇ. ಅಂದ್ಮೇಲೆ ಅದಕ್ಕೊಬ್ಬ ಮಾಲೀಕನೂ ಇದ್ದ. ಈ ಬಾತು, ಆಮೆ, ಹಂದಿ ಎಲ್ಲ ಹೇಳದೆ ಕೇಳದೆ ಎತ್ತಿಕೊಂಡು ಬಂದ್ವು. ಅವನಿನ್ನೂ ವಾಪಸ್ ಕೇಳಿಲ್ಲ, ಅಷ್ಟೇ.”

ಆ ಮಾಲೀಕನಿಗೆಂದೇ ಅಪ್ಪ ಕೊನೆಯ ಬುಟ್ಟಿ ಬಿಡುತ್ತಿದ್ದುದು.

ಈ ಮಾತು ಊರಿನ ಪ್ರಾರ್ಥನಾ ಮಂದಿರದ ಹಿರಿಯರ ಕಿವಿಗೆ ಬಿತ್ತು. ನಾನು ಪಾಠ ಹೇಳುವ ಶಾಲೆ ಅವರದೇ. ಅದರ ಹಿಂದಿನ ಗೋಡೆಯಿಂದ ಮೂರೇ ಹೆಜ್ಜೆ ದೂರದಲ್ಲಿ ಮಂದಿರದ ಬಾವಿ. ಹಿರಿಯರು ಊರವರನ್ನೆಲ್ಲ ಬಾವಿಯ ಬಳಿ ಸೇರಿಸಿ ಅಪ್ಪನಿಗೆ ಹೇಳಿದರು:

“ಏನೂ ಇಲ್ಲದಾಗ, ಕೆಸರೂ ಇಲ್ಲದಾಗ, ದೇವರೇ ಎಲ್ಲಾ ಸೃಷ್ಟಿ ಮಾಡಿದ ಅಂತ ಹೇಳು. ಆಮೇಲೆ ಈ ಬಾವೀನ ಬಂಡೆ ಕಾಣೋವರೆಗೂ ಕೆರೆದು ತೆಗಿ. ಒಂದು ಹಿಡಿ ಕೆಸರೂ ಉಳೀಬಾರ್ದು. ಇಲ್ಲಾಂದ್ರೆ ನಿನ್ನ ಮಗಳು ನಾಳೆಯಿಂದ ಶಾಲೆಗೆ ಬರೋದು ಬೇಡ.”

“ಬಾವಿ ಸುತ್ತಿನ ಕಲ್ಲೆಲ್ಲ ಆ ಕೆಸರಿನ ಮೇಲೇ ಕೂತಿದೆ, ತೆಗೆದ್ರೆ ಕುಸಿಯುತ್ತೆ, ಹಿರಿಯರೇ.”

“ಎಲ್ಲಾ ಮಾಡಿದವನು ಅದನ್ನೂ ನೋಡ್ಕೋತಾನೆ.”

ಅಪ್ಪ ನನ್ನ ಮುಖ ನೋಡಿದ. ಬೇಡ ಎಂದಿದ್ದರೆ ಅವನು ಇಳಿಯುತ್ತಿರಲಿಲ್ಲ, ನಾನು ತುಟಿ ಬಿಚ್ಚಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ. ಅವನು ಹಿರಿಯರು ಹೇಳಿಸಿದ್ದನ್ನು ಹೇಳಿ ಬಾವಿಗೆ ಇಳಿದ.

ಕೊನೆಯ ಬುಟ್ಟಿಯೂ ಮೇಲೆ ಬಂತು. ಹಗ್ಗ ಮೂರು ಸಲ ಜಗ್ಗಿತು. ಎತ್ತಬೇಕು ಎನ್ನುವಷ್ಟರಲ್ಲಿ ನಾಲ್ಕನೆಯ ಸಲ ಜಗ್ಗಿತು. ನಮ್ಮಲ್ಲಿ ನಾಲ್ಕಕ್ಕೆ ಅರ್ಥವೇ ಇಲ್ಲ. ಮೇಲೆ ಬಂದ ಅಪ್ಪನ ಕೆನ್ನೆಗಳು ಉಬ್ಬಿದ್ದವು. “ಮುಗೀತಾ?” ಎಂದ ಹಿರಿಯರಿಗೆ ಗೋಣು ಹಾಕಿ ಮನೆಗೆ ನಡೆದ. ಹಿತ್ತಲಲ್ಲಿ ಬಾಯೊಳಗಿನ ಕೆಸರನ್ನು ಒಂದು ಲೋಟಕ್ಕೆ ಉಗುಳಿದ.

“ಮಾಲೀಕ ಕೇಳ್ಕೊಂಡು ಬಂದ್ರೆ ಕೊಡೋಕೆ ಇಷ್ಟಾದ್ರೂ ಇರಲಿ.”

“ನಾಲ್ಕು ಸಲ ಯಾಕಪ್ಪಾ ಜಗ್ಗಿದೆ?”

“ನಾನು ಜಗ್ಗಿದ್ದು ಮೂರೇ.”

ನನ್ನ ಕೆಲಸ ಉಳಿಯಿತು. ವಾರ ಕಳೆಯುವಷ್ಟರಲ್ಲಿ ನನ್ನ ತರಗತಿಯ ಬಾವಿ ಕಡೆಯ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಹಿರಿಯರಿಗೆ ತೋರಿಸಿದರೆ ಸುಣ್ಣ ಹೊಡೆಸಿದರು. ತಿಂಗಳಿಗೆ ಅದರೊಳಗೆ ಸೀಮೆಸುಣ್ಣದ ಕಡ್ಡಿ ತೂರುವಂತಾಯಿತು. ಇವತ್ತು ಬೆಳಿಗ್ಗೆ ತೂರಿಸಿದ ಕಡ್ಡಿ ಒಳಗೆ ಜಾರಿತು. ಕಿವಿ ಹಚ್ಚಿ ನಿಂತೆ. ಬಿದ್ದ ಸದ್ದು ಬರಲೇ ಇಲ್ಲ.

ಮಕ್ಕಳನ್ನೆಲ್ಲ ಎಬ್ಬಿಸಿ ಅಂಗಳದ ಆಚೆ ತುದಿಗೆ ಕರೆತಂದೆ. ಹಿರಿಯರು ದಡದಡನೆ ಬಂದರು.

“ಒಳಗೆ ಕೂರಿಸು. ಇಲ್ಲಾಂದ್ರೆ ನೀನು ಹೊರಡು.”

ಮುಂದೆ ಕೂತ ಹುಡುಗಿ ಕೇಳಿದಳು: “ಒಳಗೆ ಯಾಕೆ ಬೇಡ, ಟೀಚರ್?”

ನಾನು ನೆಲದ ಮೇಲೆ ಕೂತೆ. ಹಿರಿಯರು ಬೆನ್ನ ಹಿಂದೆಯೇ ನಿಂತಿದ್ದರು.

“ಮೊದಲು ಬರೀ ನೀರಿತ್ತು, ಮಕ್ಕಳೇ,” ಎಂದೆ. “ತಳದಲ್ಲಿ ಕೆಸರಿತ್ತು. ಆ ಕೆಸರಿಗೆ ಒಬ್ಬ ಮಾಲೀಕನಿದ್ದ.”

ಶಾಲೆಯೊಳಗೆ ಗಾರೆ ಉದುರುವುದು ಎಲ್ಲರಿಗೂ ಕೇಳಿಸಿತು.