ಅವ್ವನ ಹರಕೆ, ನನ್ನ ಅರೆತಲೆ

ಉಪ್ಪಿಟ್ಟಿನೊಳಗಿನ ಶೇಂಗಾ ಕಾಳುಗಳನ್ನು ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ನಿಲ್ಲಿಸುವ ಮನುಷ್ಯನನ್ನು ನೀವು ಎಂದಾದರೂ ನೋಡಿದ್ದರೆ ದಯವಿಟ್ಟು ನಗಬೇಡಿ. ಅವನು ಹುಚ್ಚನಲ್ಲ, ಬಹುಶಃ ಅರೆತಲೆನೋವಿನವನು. ಹೋದ ವರ್ಷ ನಾಲ್ಕು ತಿಂಗಳ ಕಾಲ ಆ ಮನುಷ್ಯ ನಾನೇ ಆಗಿದ್ದೆ. ಧಾರವಾಡದ ಕಡೆ ಹುಟ್ಟಿ, ಶೇಂಗಾ ಚಟ್ನಿಪುಡಿಯ ಮೇಲೆಯೇ ಬೆಳೆದವನೊಬ್ಬ ಅದೇ ಶೇಂಗಾವನ್ನು ಸಂಶಯದ ಕಣ್ಣಿನಿಂದ ನೋಡುವುದೆಂದರೆ ಸ್ವಂತ ಸೋದರಮಾವನ ಜೇಬು ತಡಕಿದಷ್ಟೇ ನಾಚಿಕೆಗೇಡು. ಆದರೂ ನೋಡಿದೆ. ನೋವು ಮನುಷ್ಯನ ಕೈಯಲ್ಲಿ ಏನೇನು ಮಾಡಿಸುವುದಿಲ್ಲ ಹೇಳಿ!

ನನ್ನ ತಲೆನೋವಿಗೆ ಅದರದೇ ಆದ ಶಿಷ್ಟಾಚಾರವಿದೆ. ಮೊದಲು ಬಲಗಣ್ಣಿನ ಹಿಂದೆ ಸಣ್ಣಗೆ ಬಾಗಿಲು ತಟ್ಟುತ್ತದೆ, ಆಮೇಲೆ ಬೆಳಕನ್ನೂ ಸದ್ದನ್ನೂ ಒಗ್ಗರಣೆಯ ಘಮವನ್ನೂ ವೈರಿಗಳನ್ನಾಗಿ ಮಾಡಿ, ಕಡೆಗೆ ಇಡೀ ದಿನವನ್ನು ನುಂಗುತ್ತದೆ. ಅಂಥ ದಿನ ಪುಣೆಯ ವಾಕಡದ ನಮ್ಮ ಫ್ಲ್ಯಾಟಿನಲ್ಲಿ ಎಲ್ಲರೂ ತುದಿಗಾಲಲ್ಲಿ ನಡೆಯುತ್ತಾರೆ; ಹೆಂಡತಿ ಸುನಂದಾ ಮಿಕ್ಸರಿಗೆ ಕೈ ಹಚ್ಚುವುದಿಲ್ಲ, ಮಗಳು ಪಿಸುಮಾತಿನಲ್ಲಿ ಓದುತ್ತಾಳೆ. ಆ ಮಗಳ ಕಾಲೇಜಿನ ನಾಟಕವನ್ನು ನಾನು ಕತ್ತಲುಕೋಣೆಯಲ್ಲಿ ಮಲಗಿ ತಪ್ಪಿಸಿಕೊಂಡ ಮೇಲೆ, ಎಪ್ಪತ್ತಾರರ ನನ್ನ ಅವ್ವನಿಗೆ ಸಹನೆ ಮೀರಿತು. ನಾನು ಪ್ರತಿ ತಿಂಗಳ ಸಂಕಷ್ಟಿಗೆ ಚಂದ್ರ ಕಾಣುವವರೆಗೆ ಹನಿ ಚಹಾ ಸಹ ಮುಟ್ಟದೆ ಉಪವಾಸವಿರುವುದಾಗಿ, ಪ್ರತಿಯಾಗಿ ಗಣಪತಿಯು ನನ್ನ ತಲೆ ನೋಡಿಕೊಳ್ಳುವುದಾಗಿ ಹರಕೆ ಹೊತ್ತುಬಿಟ್ಟಳು. ಹೊತ್ತವಳು ಅವಳು, ಹಸಿದಿರಬೇಕಾದವನು ನಾನು. ಆದರೆ ಎದುರಾಡುವಂತಿರಲಿಲ್ಲ, ಅವಳು ಲಗ್ನವಾದಾಗಿನಿಂದ ಒಂದು ಸಂಕಷ್ಟಿಯನ್ನೂ ಬಿಟ್ಟವಳಲ್ಲ.

ಇತ್ತ ಪುಣೆಯೂ ಸುಮ್ಮನಿರಲಿಲ್ಲ. ಈ ಊರಿನಲ್ಲಿ ಸಕಲ ವ್ಯಾಧಿಗಳಿಗೂ ಪಿತ್ತವೇ ಮೂಲಪುರುಷ. ಎದುರುಮನೆಯ ಮರಾಠಿ ಗೃಹಿಣಿ, ನಮ್ಮೆಲ್ಲರ ವಹಿನಿ, "ಪಿತ್ತಚ ಆಹೇ ಹೋ!" ಎಂದು ತೀರ್ಪು ಕೊಟ್ಟು ಕೋಕಮ್ ಸರಬತ್ತು ಕಳಿಸಿದರು. ವಿಮಾನ ನಗರದ ನಮ್ಮ ಕಚೇರಿಯ ಬೆಂಗಳೂರಿನ ತರುಣನೊಬ್ಬ "ಸರ್, ಗೋಧಿ ಬಿಟ್ಬಿಡಿ ಸರ್, ಲೈಫೇ ಚೇಂಜ್ ಆಗತ್ತೆ" ಎಂದು ಗುರೂಪದೇಶ ಮಾಡಿದ. ಸುನಂದಾ ಮಾತ್ರ ಆ ವಡಾಪಾವ್ ಬಿಡ್ರಿ ಮೊದಲ, ಆಮ್ಯಾಲ ಉಳಿದದ್ದು ಮಾತಾಡೋಣು ಎಂದಳು. ತಲೆಯೊಂದು, ಅದಕ್ಕೆ ವೈದ್ಯರು ಊರು ತುಂಬ.

ನಿಜವಾದ ಡಾಕ್ಟರರು ಒಬ್ಬ ಮರಾಠಿ ಹೆಣ್ಣುಮಗಳು. ಅವರು ಹೇಳಿದ್ದು ಸರಳ: ಏನು ತಿಂದಿರಿ, ಎಷ್ಟು ಹೊತ್ತಿಗೆ ತಿಂದಿರಿ, ಎಷ್ಟು ನಿದ್ದೆ ಮಾಡಿದಿರಿ, ನೋವು ಯಾವಾಗ ಬಂತು ಎಂಬುದನ್ನು ದಿನಕ್ಕೊಂದು ಪುಟದಂತೆ ಬರೆದಿಡಿ, ಯಾವುದರ ಮೇಲಾದರೂ ಸಂಶಯ ಬಂದರೆ ಅದೊಂದನ್ನೇ ಕೆಲವು ವಾರ ಬಿಟ್ಟು ನೋಡಿ, ಆಮೇಲೆ ಮತ್ತೆ ತಿಂದು ನೋಡಿ, ಎಲ್ಲವನ್ನೂ ಒಮ್ಮೆಗೇ ಬಿಡಬೇಡಿ. ಕೊನೆಯ ವಾಕ್ಯದ ಹೊತ್ತಿಗೆ ನನ್ನ ಲಕ್ಷ್ಯ ಬರೆಯಲು ಹೊಸ ವಹಿ ಕೊಳ್ಳುವುದರ ಕಡೆ ಹರಿದಿತ್ತೆಂದು ಕಾಣುತ್ತದೆ. ಮನೆಗೆ ಬಂದವನೇ ಚಹಾ, ಉಪ್ಪಿನಕಾಯಿ, ಮೊಸರು, ಬಾಳೆಹಣ್ಣು, ಚೀಸು, ಶೇಂಗಾ ಎಲ್ಲಕ್ಕೂ ಏಕಕಾಲಕ್ಕೆ ಗಡೀಪಾರು ವಿಧಿಸಿದೆ. ಚಟ್ನಿಪುಡಿಯ ಡಬ್ಬಿ ಕಪಾಟಿನ ಮೇಲಿನ ಖಾನೆ ಸೇರಿದ ದಿನ ಅವ್ವ "ಮನ್ಯಾಗ ಸೂತಕ ಆದಂಗ ಆಗೇದ ನೋಡು" ಎಂದು ಒಣರೊಟ್ಟಿ ಮುರಿದಳು. ನಾನೋ, ಬರೆಯುವ ಚಟದವನು, ವಹಿಯನ್ನು ವಿಶೇಷಣಗಳಿಂದ ತುಂಬಿಸಿದೆ. 'ಸಂಜೆ ಆರು. ಬಾಳೆಹಣ್ಣು ಒಂದು. ನೋಡಲು ಸಾಧು, ಅಂತರಂಗ ಅಗೋಚರ' ಎಂಬಂಥ ಸಾಲುಗಳನ್ನು ಬರೆದು, ಸುನಂದಾಗೆ ಓದಿ ಹೇಳಿ, ಅವಳು ನಗದಿದ್ದರೆ ನಾನೇ ನಗುತ್ತಿದ್ದೆ. ತಲೆನೋವು ಬಂದ ದಿನ ಮಾತ್ರ ಪುಟದ ಮೂಲೆಗೆ ಕೆಂಪು ಗುರುತು ಹಾಕಿ ಮಲಗುತ್ತಿದ್ದೆ.

ಕೆಂಪು ಗುರುತುಗಳು ಕಡಿಮೆಯಾಗಲಿಲ್ಲ. ಒಂದೊಂದೇ ಆಪಾದಿತರನ್ನು ಮರಳಿ ತಟ್ಟೆಗೆ ಕರೆಸಿಕೊಂಡೆ; ಮೊಸರು ನಿರ್ದೋಷಿ, ಉಪ್ಪಿನಕಾಯಿ ನಿರ್ದೋಷಿ, ಶೇಂಗಾವಂತೂ ಪರಮ ನಿರ್ದೋಷಿ. ಅದರ ಮೇಲೆ ಸಂಕಷ್ಟಿಯ ದಿನವೂ ತಪ್ಪದೆ ತಲೆ ಸಿಡಿಯತೊಡಗಿದಾಗ ಅವ್ವ, ದೇವರು ಪರೀಕ್ಷಾ ಮಾಡ್ಲಿಕತ್ತಾನ, ಗಟ್ಟಿಯಾಗಿ ಹಿಡಕೋ ಎಂದಳು. ಗಟ್ಟಿಯಾಗಿ ಹಿಡಿದುಕೊಂಡೆ, ತಲೆಯನ್ನು.

ನಾಲ್ಕನೆಯ ತಿಂಗಳು ವಹಿಯನ್ನು ಡಾಕ್ಟರರ ಮುಂದಿಟ್ಟೆ. ಅವರಿಗೆ ಕನ್ನಡ ಓದಲು ಬಾರದು, ನನ್ನ ವಿಶೇಷಣಗಳೆಲ್ಲ ನೀರಿನಲ್ಲಿ ಹೋಮ ಮಾಡಿದಂತಾದವು. ಆದರೆ ಹಾಳೆ ತಿರುವುತ್ತ ತಿರುವುತ್ತ ಅವರ ಬೆರಳು ಒಂದು ಕಡೆ ನಿಂತಿತು. ಇಡೀ ಪುಟ ಖಾಲಿ, ಮೂಲೆಯಲ್ಲಿ ಕೆಂಪು ಗುರುತು. ಇನ್ನೂ ಮುಂದೆ ಮತ್ತೊಂದು ಖಾಲಿ ಪುಟ, ಮತ್ತೊಂದು ಗುರುತು. ಇದೇನೆಂದು ಕೇಳಿದರು. ಅಂದು ಉಪವಾಸ, ಚಂದ್ರ ಕಾಣುವವರೆಗೆ ಏನನ್ನೂ ತಿನ್ನದಿದ್ದ ಮೇಲೆ ಏನನ್ನು ಬರೆಯಲಿ ಎಂದು ನಾನು ಕೊಂಚ ಹೆಮ್ಮೆಯಿಂದಲೇ ಹೇಳಿದೆ. "ಚಹಾಸುದ್ಧಾ ನಾಹೀ?" ಎಂದರು. ಚಹಾ ಕೂಡ ಇಲ್ಲವೆಂದೆ. ಅವರು ನಕ್ಕುಬಿಟ್ಟರು. ಉಳಿದ ಗುರುತುಗಳನ್ನು ಇಬ್ಬರೂ ಸೇರಿ ನೋಡಿದರೆ, ಹೆಚ್ಚಿನವು ಕಚೇರಿಯ ಮೀಟಿಂಗು ಉದ್ದವಾಗಿ ಮಧ್ಯಾಹ್ನದ ಊಟ ಸಂಜೆಗೆ ಜಾರಿದ ದಿನಗಳು! ಮದುವೆಗೆ ಬಂದವರನ್ನೆಲ್ಲ ನಿಲ್ಲಿಸಿ ವಿಚಾರಿಸುತ್ತಿದ್ದೆ, ಜಗಳ ಹಚ್ಚಿದವನು ಬರದೇ ಉಳಿದ ಬೀಗ. ಎಲ್ಲರದೂ ಹೀಗೆಯೇ ಇರಬೇಕೆಂದಿಲ್ಲ, ನಿಮ್ಮ ತಲೆ ಹಸಿವು ಸಹಿಸುವುದಿಲ್ಲ, ಹೊತ್ತು ಹೊತ್ತಿಗೆ ಉಣ್ಣಿ ಎಂದು ಅವರು ಕಳಿಸಿಕೊಟ್ಟರು.

ಕುಣಿಯುವಷ್ಟು ಖುಷಿಯಾಗಿ ಹೊರಬಿದ್ದವನಿಗೆ ರಸ್ತೆ ದಾಟುವಷ್ಟರಲ್ಲಿ ಹರಕೆಯ ನೆನಪಾಯಿತು. ಅವ್ವನಿಗೆ ಹೇಳುವುದು ಹೇಗೆ? ಮಗನ ನೋವು ನೀಗಲೆಂದು ಹೊತ್ತ ಹರಕೆಯೇ ನೋವು ತರುತ್ತಿದೆ ಎಂದು ಯಾವ ಬಾಯಿಂದ ಹೇಳಲಿ? ಮನೆಗೆ ಬಂದು ಹೇಳಿದರೆ ಸುನಂದಾ ಮೊದಲೇ ಕೈ ಝಾಡಿಸಿದಳು. "ನೀವ ಹೇಳ್ರಿ. ನಾ ಹೇಳಿದ್ರ ಸೊಸಿ ಹರಕಿ ಕೆಡಿಸಿದ್ಲು ಅಂತಾದೀತು." ಸಂಕಷ್ಟಿಗೆ ಇನ್ನು ಮೂರೇ ದಿನ ಇತ್ತು.

ಅವ್ವ ಹಾಲ್‌ನಲ್ಲಿ ಕೂತು ಮೆಂತ್ಯಪಲ್ಯದ ಎಲೆ ಬಿಡಿಸಿ ಸೋಸುತ್ತಿದ್ದಳು. ಪಕ್ಕದಲ್ಲಿ ಕೂತು, ನಾಲ್ಕು ಕಟ್ಟು ಸೋಸುವುದರಲ್ಲಿ ಸುಗಮವಾಗಿ ಮುಗಿಯಬಹುದಾಗಿದ್ದ ಮಾತನ್ನು ಮೂರು ಲೋಕ ಸುತ್ತಿಸಿ ಹೇಳಿದೆ. ಅವಳ ಕೈ ನಿಂತಿತು. ಅತ್ತಾಳೆಂದು ನಾನು ಅಂಜಿದೆ. ಅವಳು ಅಳಲಿಲ್ಲ, ಏನೋ ತಿಳಿಯದವಳಂತೆ ನನ್ನ ಮುಖ ನೋಡಿದಳು.

"ಉಪಾಸ ಅಂದ ಮ್ಯಾಲ ತಲಿ ನೋಯೂದ ಅಲ್ಲೇನೋ? ನನಗೂ ನೋಯತದ."

"ಯಾವಾಗಿಂದ, ಅವ್ವಾ?"

"ಲಗ್ನಾದಾಗಿಂದ. ಎಲ್ಲಾರಿಗೂ ಹಂಗ ಅಂತ ತಿಳದಿದ್ದೆ. ಮಧ್ಯಾಹ್ನದಾಗ ಹಣಿಗೆ ಸುಂಠಿ ತೇದು ಹಚಗೊಂಡು ಮಲಗತಿದ್ದೆ, ನಿಮಗ ಜಪಾ ಅಂತ ಹೇಳತಿದ್ದೆ."

ಹೌದು, ಹೇಳುತ್ತಿದ್ದಳು. ಸಂಕಷ್ಟಿ ಚೌತಿಯ ಮಧ್ಯಾಹ್ನದಿಂದ ಸಂಜೆಯವರೆಗೂ ದೇವರಕೋಣೆಯ ಬಾಗಿಲು ಮುಚ್ಚಿರುತ್ತಿತ್ತು, ಅವ್ವನ ಜಪ ಕೆಡಬಾರದೆಂದು ನಾವು ಮಕ್ಕಳು ಉಸಿರು ಬಿಗಿಹಿಡಿದು ಅಂಗಳಕ್ಕೆ ಓಡುತ್ತಿದ್ದೆವು. ಒಂದು ತಲೆನೋವಿಗೆ ನಾನು ಮನೆಮಂದಿಯನ್ನೆಲ್ಲ ನಿಲ್ಲಿಸಿ ಸೇವೆ ಮಾಡಿಸಿಕೊಂಡವನು. ಅವಳು ಐವತ್ತು ವರ್ಷ ಅದನ್ನು ವ್ರತದ ಒಂದು ಭಾಗವೆಂದೇ ನಂಬಿ, ಎದ್ದು, ಎಲ್ಲರಿಗೂ ಮೋದಕ ಮಾಡಿ ಬಡಿಸಿದವಳು. ನನಗೆ ನಾಚಿಕೆಯೂ ಆಯಿತು, ಅಳುವೂ ಬಂತು. ಅಳುವ ಮುಖ ಕಾಣಬಾರದೆಂದು ಮೆಂತ್ಯದ ಬೇರುಗಳನ್ನು ಒಟ್ಟುಗೂಡಿಸಿದೆ.

ಅವ್ವನೇ ದೇವರ ಪರವಾಗಿ ನಿರ್ಧಾರ ಮಾಡಿದಳು. "ಅಷ್ಟ ದೊಡ್ಡ ಹೊಟ್ಟಿ ಇಟಗೊಂಡಾಂವ, ಹಸದವರನ್ನ ನೋಡಿ ಅಂವಗೇನ್ ಖುಷಿ ಆದೀತು? ನಾವ ಅಂವನ್ನ ತಪ್ಪ ತಿಳಕೊಂಡೇವಿ" ಎಂದು ಎದ್ದು ಹೋಗಿ, ಗಣಪತಿಯ ಮುಂದೆ ನಿಂತು, ನನ್ನ ಮಗ ಇನ್ನ ಮ್ಯಾಲ ಇಪ್ಪತ್ತೊಂದು ಗರಿಕಿ ಏರಿಸಿ ಹೊತ್ತಿಗೆ ಸರಿಯಾಗಿ ಉಣ್ಣತಾನ, ಅದ ಅಂವನ ವ್ರತ, ಎಂದು ಗಟ್ಟಿಯಾಗಿ ತಿಳಿಸಿದಳು. ನೀನು, ಎಂದು ಕೇಳಿದೆ. ಅವಳು ದೀಪದ ಬತ್ತಿ ಸರಿಮಾಡತೊಡಗಿದಳು.

ಸಂಕಷ್ಟಿಯ ಬೆಳಿಗ್ಗೆ ಎಂಟಕ್ಕೆ ಸುನಂದಾ ಎರಡು ತಟ್ಟೆ ಸಾಬೂದಾಣಿ ಖಿಚಡಿ ತಂದಿಟ್ಟಳು. ನಾನು ತಿಂದೆ. ಅವ್ವ ಚಮಚ ಹಿಡಿದು ಬಹಳ ಹೊತ್ತು ಕೂತಳು. ಆಮೇಲೆ ಗಣಪತಿಯ ಕಡೆ ಒಮ್ಮೆ ನೋಡಿ, ಕಣ್ಣು ಮುಚ್ಚಿ, ಕಷಾಯ ಕುಡಿಯುವವರ ಹಾಗೆ ಮೊದಲ ತುತ್ತು ನುಂಗಿದಳು. ಎರಡನೆಯದಕ್ಕೆ ಉಪ್ಪು ಕಡಿಮೆಯಾಗಿದೆ ಎಂದಳು. ಮಧ್ಯಾಹ್ನವೂ ಉಂಡಳು.

ನನ್ನ ಅರೆತಲೆನೋವು ಪೂರ್ತಿ ಹೋಯಿತೆಂದು ನಾನು ಹೇಳಲಾರೆ. ಈಗಲೂ ಆಗೀಗ ಬಂದು ಹೋಗುತ್ತದೆ, ಆದರೆ ಬೀಗರಂತೆ ತಿಂಗಳುಗಟ್ಟಲೆ ಬಿಟ್ಟು ಬರುತ್ತದೆ. ಹೇಳಬೇಕಾದದ್ದು ಆ ಸಂಕಷ್ಟಿಯ ಸಂಜೆಯ ಮಾತು. ನಾಲ್ಕೂವರೆಗೆ ಹುಡುಕಿದರೆ ಅವ್ವ ಕೋಣೆಯಲ್ಲಿರಲಿಲ್ಲ. ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಎದುರಿನ ಗೋಡೆಯ ಮೇಲೆ ಬಿಸಿಲು ಝಗಝಗಿಸುತ್ತಿತ್ತು, ಕೆಳಗೆ ಹುಡುಗರು ಚೆಂಡಾಟದಲ್ಲಿ ಕೂಗಾಡುತ್ತಿದ್ದರು, ಹಿಂಜವಡಿಯ ಕಡೆಯಿಂದ ಬರುವ ವಾಹನಗಳು ಹಾರ್ನು ಹೊಡೆಯುತ್ತಿದ್ದವು. ಅವಳು ಎರಡೂ ಕಣ್ಣು ಅರಳಿಸಿಕೊಂಡು ಎಲ್ಲವನ್ನೂ ನೋಡುತ್ತಿದ್ದಳು.

"ಏನೋ, ಚೌತಿ ದಿನಾ ಸಂಜೀಕ ಹಿಂಗಿರತದೇನು?" ಎಂದು ಕೇಳಿದಳು.