ಫೀಸು ಕಟ್ಟಿದವರ ಪಾಠ

ಗುಂಡ್ಲುಪೇಟೆಯ ಬಾಳೆಮಂಡಿ ಶಿವರುದ್ರಸ್ವಾಮಿಯವರು ಮಗಳು ನಯನಾಳನ್ನು ಸಿನಿಮಾದಲ್ಲಿ ಎಂ.ಎ. ಓದಲು ಮುಂಬೈಗೆ ಕಳಿಸಿದ್ದರು. ಫೀಸಿಗೆಂದು ಊಟಿ ರಸ್ತೆಯ ಸೈಟು ಮಾರಿದವರು, ಆ ಪಾಠದಲ್ಲಿ ತಮಗೂ ಪಾಲಿದೆ ಎಂದೇ ತಿಳಿದಿದ್ದರು. ದಿನಾ ಸಂಜೆ ಮಂಡಿಯಿಂದ ಫೋನು ಮಾಡಿ, ಊಟದ ವಿಚಾರಕ್ಕೂ ಮೊದಲು, "ಇವತ್ತೇನ್ ಹೇಳ್ಕೊಟ್ರಮ್ಮಿ?" ಎನ್ನುವರು. ಬೆಳಕಿನ ಪಾಠ ಕೇಳಿದ ಮರುದಿನ ಮಂಡಿಯ ಬಲ್ಬಿನ ಜಾಗ ಬದಲಾಗುತ್ತಿತ್ತು. ಕ್ಲೋಸಪ್ ಎಂದರೇನೆಂದು ತಿಳಿದ ಮೇಲಂತೂ ಕೇರಳದ ವ್ಯಾಪಾರಿಗಳ ಮುಖಕ್ಕೆ ಮುಖವಿಟ್ಟು ನೋಡಿ ಅವರನ್ನು ಗಾಬರಿಪಡಿಸಿದರು. ಟಿ.ವಿ.ಯಲ್ಲಿ ಯಾರಾದರೂ ಸತ್ತು ಹೆಂಡತಿ ಮಂಗಳಗೌರಿ ಕಣ್ಣೊರೆಸಿಕೊಂಡರೆ, "ಅಳ್ಬೇಡ, ಕ್ಯಾಮೆರಾ ಎಲ್ಲಿಟ್ಟವ್ರೆ ನೋಡು" ಎನ್ನುವರು. ಎರಡನೇ ವರ್ಷ ಒಂದು ಬೆಳಿಗ್ಗೆ ನಯನಾ ಅಮ್ಮನಿಗೆ ಫೋನು ಮಾಡಿ, ಜೊತೆಯವರ ಸಮಕ್ಕೆ ತನ್ನ ಕೈಲಾಗುವುದಿಲ್ಲ, ಓದು ಬಿಡುತ್ತೇನೆ ಎಂದು ಅತ್ತಳು. ಸಂಜೆ ಎಂದಿನಂತೆ ಅಪ್ಪನ ಫೋನು ಬಂತು. "ನಾಳೆ ಏನಮ್ಮಿ ಪಾಠ?" "ಸೌಂಡು ಶುರುವಾಗುತ್ತೆ, ಅಪ್ಪಾಜಿ." "ಸಿನಿಮಾದಲ್ಲಿ ಮಳೆ ಸದ್ದು ಹೆಂಗ್ ಮಾಡ್ತಾರೆ ಅಂತ ನಂಗೆ ಗೊತ್ತಿಲ್ಲ ಕಣಮ್ಮಿ. ಅದೊಂದು ಕೇಳ್ಕೊಂಡು ಹೇಳ್ಬುಡು, ಆಮೇಲೆ ಬೇಕಾರೆ ಬಾ." ಅವಳು ಒಪ್ಪಿದಳು. ಅಪ್ಪ ಕೇಳುತ್ತ, ಮಗಳು ಹೇಳುತ್ತ ಕೋರ್ಸೇ ಮುಗಿಯಿತು. ಮಳೆ ಸದ್ದಿನ ಮಾತು ಬಂದ ಆ ಸಂಜೆ ಅಪ್ಪ ಫೋನು ಮಾಡಿದ್ದು ಮಂಡಿಯಿಂದಲ್ಲ ಎಂದು ಅವಳಿಗೆ ತಿಳಿದದ್ದು ಪದವಿ ಬಂದ ಮೇಲೆ, ಅಮ್ಮನಿಂದ. ಮಗಳನ್ನು ಕರೆತರಲು ಬಸ್ಸು ಹತ್ತಿದ್ದ ಅವರು, ಅವಳು ಒಪ್ಪಿದ್ದು ಕೇಳಿ ನಂಜನಗೂಡಿನಲ್ಲೇ ಇಳಿದು, ಬಟ್ಟೆಯ ಚೀಲ ಹಿಡಿದು ವಾಪಸು ಬಂದಿದ್ದರು.