ಓದಿ ಒತ್ತಿ ಎನ್ನುತ್ತಿದ್ದ ರತ್ನಮ್ಮ ಮೇಡಂ

ರತ್ನಮ್ಮ ಮೇಡಂ ಕಂಪ್ಯೂಟರಿಗೆ ಉತ್ತರ ಕೊಡುತ್ತಿದ್ದರು. ಪರದೆಯ ಮೇಲೆ ಏನಾದರೂ ಸಂದೇಶ ಬಂದರೆ ನಾವೆಲ್ಲ ಓದದೆಯೇ ಓಕೆ ಒತ್ತಿ ಪಾರಾಗುತ್ತಿದ್ದೆವು. ಅವರು ಮಾತ್ರ ಕನ್ನಡಕ ಏರಿಸಿಕೊಂಡು, ಒಂದೊಂದು ಪದವನ್ನೂ ಗಟ್ಟಿಯಾಗಿ ಓದಿ, “ಸರಿ, ಗೊತ್ತಾಯ್ತು” ಎಂದು ಅದಕ್ಕೆ ಹೇಳಿ, ಆಮೇಲಷ್ಟೇ ಬೆರಳು ಮುಂದೆ ಮಾಡುತ್ತಿದ್ದರು. “ಓದಿ ಒತ್ತು ಕಣಯ್ಯ. ಅದು ಬಾಯಿಬಿಟ್ಟು ಹೇಳ್ತಾ ಐತೆ, ನೀನು ಬಾಯಿ ಮುಚ್ಚಿಸ್ತೀಯ” ಎನ್ನುತ್ತಿದ್ದರು ನನಗೆ.

ಅರಸೀಕೆರೆಯ ರೈಲ್ವೆ ಸ್ಟೇಷನ್ನಿಗೆ ಹತ್ತಿರದಲ್ಲಿ ಅವರದು ಟೈಪಿಂಗ್ ಇನ್‌ಸ್ಟಿಟ್ಯೂಟು. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲೇ ಅಕ್ಷರಗಳ ಚಾರ್ಟು. ಒಳಮನೆಯಲ್ಲಿ ಅಕ್ಕಿ ಆರಿಸುತ್ತಿದ್ದರೂ ಹೊರಗಿನ ಟಕಟಕ ಸದ್ದಿನಲ್ಲೇ ತಪ್ಪು ಹಿಡಿಯುತ್ತಿದ್ದರು: “ಕಿರುಬೆರಳಿಗೆ ರಜಾ ಕೊಟ್ಟೋಳು ಯಾರೇ ಅದು?” ಐವತ್ತು ದಾಟಿದ ಮೇಲೆ ನಾಲ್ಕು ಕಂಪ್ಯೂಟರ್ ತರಿಸಿ, ಕಲಿಸುವುದಕ್ಕೆ ನನ್ನನ್ನು ಇಟ್ಟುಕೊಂಡರು. ನಾನಾಗ ಇಪ್ಪತ್ಮೂರರವನು, ದಿನಾ ಹಳೇಬೀಡಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ತಲೆಯಲ್ಲಿ ಜ್ಞಾನಕ್ಕಿಂತ ಉತ್ಸಾಹ ಹೆಚ್ಚಿತ್ತು.

ಆ ಉತ್ಸಾಹದಲ್ಲೇ ಎಡವಟ್ಟಾಯಿತು. ವರ್ಚುಯಲ್ ಮೆಮೊರಿ ತೆಗೆದುಹಾಕಿದರೆ ವಿಂಡೋಸ್ ತೊಂಬತ್ತೆಂಟು ಕುದುರೆಯಂತೆ ಓಡುತ್ತದೆ ಎಂದು ಎಲ್ಲೋ ಓದಿದ್ದೆ. ಮೇಡಂ ಊಟಕ್ಕೆ ಹೋದಾಗ ಒಂದು ಕಂಪ್ಯೂಟರಿನ ಸೆಟ್ಟಿಂಗ್ಸಿಗೆ ನುಗ್ಗಿ ಅದು ಬೇಡವೆಂದು ಟಿಕ್ ಹಾಕಿಬಿಟ್ಟೆ. ಮೊದಲ ದಿನ ಏನೂ ಆಗಲಿಲ್ಲ. ಮರುದಿನದಿಂದ ಎರಡನೆಯ ಪ್ರೋಗ್ರಾಂ ತೆರೆದರೆ ಸಾಕು, ಮೆಮೊರಿ ಸಾಲದು, ಮುಚ್ಚಿ ಎಂಬ ಸಂದೇಶ. ಪ್ರಿಂಟರ್ ಇದ್ದದ್ದು ಆ ಕಂಪ್ಯೂಟರಿಗೊಂದಕ್ಕೇ. ಸೋಮವಾರ ಹನ್ನೆರಡು ಹುಡುಗಿಯರಿಗೆ ಪರೀಕ್ಷೆ, ಉತ್ತರವನ್ನು ಪ್ರಿಂಟು ತೆಗೆದೇ ಕೊಡಬೇಕು.

ರಿಪೇರಿಯವನು ಬಂದು ಡಬ್ಬ ಬಿಚ್ಚಿ, ಧೂಳು ಊದಿ, “ಮೆಮೊರಿ ಕಮ್ಮಿ ಮೇಡಂ, ಹೊಸದು ಹಾಕಿಸ್ಬೇಕು” ಎಂದ. ನನಗೆ ಆಗ ನನ್ನ ಟಿಕ್ಕಿನ ಮೇಲೇ ಅನುಮಾನ ಬಂತು. ಗುಟ್ಟಾಗಿ ಸರಿಮಾಡೋಣವೆಂದರೆ ಮೇಡಂ ಅದರ ಮುಂದಿನಿಂದ ಏಳುತ್ತಲೇ ಇರಲಿಲ್ಲ. ಬಂದ ಸಂದೇಶವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಇಳಿಸುತ್ತ ಕೂತಿದ್ದರು.

ಶನಿವಾರ ಹೋದಾಗ ಮೂಲೆಯಲ್ಲೊಂದು ಟೈಪ್‌ರೈಟರನ್ನು ಹಳೆಯ ಸೀರೆಯಲ್ಲಿ ಕಟ್ಟಿಟ್ಟಿದ್ದರು. ಅವರು ಸ್ವತಃ ಕಲಿತ ಯಂತ್ರ ಅದು, ಬೇರೆ ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ.

“ಇದ್ಯಾಕೆ ಮೇಡಂ?”

“ಬೇಲೂರಿಂದ ಒಬ್ಬರು ತಗೊಳ್ಳಕ್ಕೆ ಬತ್ತಾರೆ, ನಾಲ್ಕು ಗಂಟೆಗೆ. ಹೊಸ ಮೆಮೊರಿ ಹಾಕಿಸ್ಬೇಕಲ್ಲ.”

ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಟೈಪ್‌ರೈಟರ್ ಹೋಗುತ್ತದೆ. ಮೂರು ಗಂಟೆಯವರೆಗೂ ಬಾಯಿ ಬರಲಿಲ್ಲ. ಅಷ್ಟರಲ್ಲಿ ಮೇಡಂ ಕೊನೆಯದಾಗಿ ಒಂದು ಸಲ ನೋಡಿಬಿಡುತ್ತೇನೆಂದು ಸೆಟ್ಟಿಂಗ್ಸ್ ತೆರೆದು, ಪ್ರಶ್ನೆಪತ್ರಿಕೆ ಓದುವಂತೆ ಸಾಲುಸಾಲಾಗಿ ಓದತೊಡಗಿದರು. ನಾನು ಹಿಂದೆ ನಿಂತಿದ್ದೆ.

“ಮೇಡಂ, ಕೆಳಗೆ ವರ್ಚುಯಲ್ ಮೆಮೊರಿ ಅಂತಿದೆ. ಅದನ್ನ ಒತ್ತಿ. ಆ ಟಿಕ್ ನಾನೇ ಹಾಕಿದ್ದು.”

ಅವರು ತಿರುಗಲಿಲ್ಲ. ಟಿಕ್ಕಿನ ಪಕ್ಕದ ಸಾಲನ್ನು ನಿಧಾನವಾಗಿ ಓದಿದರು. ಹಾಗೆ ಮಾಡುವುದು ಒಳ್ಳೆಯದಲ್ಲ ಎಂದು ಅಲ್ಲೇ ಬರೆದಿತ್ತು.

“ಇದನ್ನ ಓದ್ಲಿಲ್ವೇನಯ್ಯ?”

“ಓದಿದ್ದೆ ಮೇಡಂ.”

“ಓದೀನೂ ಒತ್ತಿದ್ಯಾ?”

“ಹೂಂ.”

“ಓದ್ದೆ ಒತ್ತಿದ್ರೆ ಇವತ್ತೇ ಮನೆಗೆ ಕಳಿಸ್ತಿದ್ದೆ” ಎಂದು ಟಿಕ್ ತೆಗೆದು, ಕಂಪ್ಯೂಟರನ್ನು ಆರಿಸಿ ಮತ್ತೆ ಚಾಲೂ ಮಾಡಿದರು. ಮೂರು ಪ್ರೋಗ್ರಾಂ ಒಟ್ಟಿಗೆ ತೆರೆದವು. ನಾಲ್ಕಕ್ಕೆ ಬಂದ ಬೇಲೂರಿನವರಿಗೆ ಕಾಫಿ ಕೊಟ್ಟು, ಯಂತ್ರ ಕೊಡುವುದಿಲ್ಲವೆಂದು ವಾಪಸು ಕಳಿಸಿದರು.

ಶಿಕ್ಷೆ ಮಾತ್ರ ತಪ್ಪಲಿಲ್ಲ. ಪರೀಕ್ಷೆ ಮುಗಿದ ಮೇಲೆ ನಾನು ವರ್ಚುಯಲ್ ಮೆಮೊರಿಯ ಬಗ್ಗೆ ಒಂದು ಗಂಟೆ ಪಾಠ ಮಾಡಬೇಕಾಯಿತು. ಮೇಡಂ ಹುಡುಗಿಯರ ಜೊತೆ ಹಿಂದಿನ ಬೆಂಚಿನಲ್ಲಿ ಕೂತರು. ಮೇಜಿನ ಮೇಲೆ ಜಾಗ ಸಾಲದಿದ್ದರೆ ನಾವು ಕಾಗದಗಳನ್ನು ನೆಲದ ಮೇಲೆ ಹರಡಿಕೊಳ್ಳುವುದಿಲ್ಲವೇ, ಹಾಗೆ ಕಂಪ್ಯೂಟರು ಹಾರ್ಡ್‌ಡಿಸ್ಕಿನಲ್ಲಿ ಜಾಗ ಮಾಡಿಕೊಳ್ಳುತ್ತದೆ ಎಂದು ವಿವರಿಸಿದೆ. ಹಿಂದಿನಿಂದ ಮೇಡಂ ಕೈ ಮೇಲೆದ್ದಿತು. “ಸಾರ್, ನೆಲಾನೇ ಬ್ಯಾಡ ಅಂದೋರಿಗೆ ಏನನ್ಬೇಕು ಸಾರ್?” ಹುಡುಗಿಯರು ನಕ್ಕ ಸದ್ದು ಬೀದಿಗೆ ಕೇಳಿಸಿರಬೇಕು.

ಮುಂದೆ ನನಗೆ ಬೇಲೂರಿನಲ್ಲಿ ಕೆಲಸ ಸಿಕ್ಕಿತು. ಐದಾರು ವರ್ಷಗಳ ಮೇಲೆ ಒಂದು ದಿನ ಅಲ್ಲಿಯ ಬಸ್ ಸ್ಟ್ಯಾಂಡ್ ಎದುರು ಬಿಳಿ ಕಾರೊಂದು ರಸ್ತೆಗೆ ಅಡ್ಡ ನಿಂತು, ಹಿಂದೆ ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು. ಸ್ಟೇರಿಂಗ್ ಹಿಡಿದವರು ರತ್ನಮ್ಮ ಮೇಡಂ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

“ಕಲೀತಾ ಇದೀನಿ ಕಣಯ್ಯ. ಹಿಂದಕ್ಕೆ ಹೋಗೋದೊಂದು ಬರ್ತಿಲ್ಲ, ಸ್ವಲ್ಪ ತಳ್ಳು.”

ತಳ್ಳಿದೆ. ಕೈಬೀಸಿ ಹೋದರು. ಆಮೇಲೆ ಅವರನ್ನು ನೋಡಲಾಗಲಿಲ್ಲ. ಮರುವರ್ಷ ಕಾಯಿಲೆಯಿಂದ ತೀರಿಕೊಂಡ ಸುದ್ದಿ ಬಂದು ಅರಸೀಕೆರೆಗೆ ಹೋದಾಗ, ಮಾತಿಗೆ ಅವರ ಮಗಳನ್ನು ಕೇಳಿದೆ, “ರಿವರ್ಸ್ ಕಲಿತರಾ?”

“ಇಲ್ಲ ಸಾರ್,” ಎಂದರು ಮಗಳು ಕಣ್ಣೊರೆಸಿಕೊಂಡು. “ಒಂದ್ಸಲ ಹಳೇಬೀಡಿನ ಹತ್ರ ಬಸ್ತಿಹಳ್ಳಿ ಬಸದಿ ನೋಡಕ್ಕೆ ಹೋಗಿ, ಕಾರು ತಿರುಗಿಸಕ್ಕಾಗದೆ, ಹಂಗೇ ಮುಂದಕ್ಕೆ ಹೋಗಿ ಬೇಲೂರು ಸುತ್ಕೊಂಡು ಮನೆಗೆ ಬಂದ್ರು.”

ಆ ದಿನ ಆ ಮನೆಯಲ್ಲಿ ನಕ್ಕವರು ನಾವಿಬ್ಬರೇ.